ಕ್ಯಾರವಾನ್‌ಗೆ ಹೊಲದ ಮನೆ ಕರೆಂಟ್: ಸ್ಟೆಬಿಲೈಸರ್ ಒಂದೇ ಸಾಕೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಒಂದು ಟನ್ ಏಸಿ, ಸಣ್ಣ ಫ್ರಿಜ್, ಮೈಕ್ರೊವೇವ್, ಮನೆಗೆ ಹಾಕುವಂಥದೇ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇವೆ. ರಜೆ ಸಿಕ್ಕಾಗ ಲಕ್ಕುಂಡಿ, ಮಾಗಡಿ ಕೆರೆ, ಬಂಕಾಪುರ ಕಡೆ ಹೋಗುತ್ತೇವೆ. ಹೋಮ್‌ಸ್ಟೇ ಅಂಗಳದಲ್ಲೋ ಪರಿಚಯದವರ ಹೊಲದ ಮನೆ ಹತ್ತಿರವೋ ಗಾಡಿ ನಿಲ್ಲಿಸಿ, ಅಲ್ಲಿಂದ ವೈರ್ ಎಳೆದುಕೊಳ್ಳುತ್ತೇವೆ. ಕಳೆದ ಸಲ ಹಾವೇರಿ ಕಡೆಯ ಒಂದು ಹೊಲದ ಮನೆಯಲ್ಲಿ ಏಸಿ ಶುರುವಾಗುವುದು, ನಿಲ್ಲುವುದು ಮಾಡುತ್ತಿತ್ತು. ರಾತ್ರಿ ಲೈಟುಗಳು ಒಮ್ಮೆಲೇ ಪಳಪಳ ಉರಿದು ಮೈಕ್ರೊವೇವ್ ಸತ್ತಿತು. ಬೆಳಿಗ್ಗೆ ತುಂತುರು ಮಳೆಯಲ್ಲಿ ಬಾಗಿಲ ಹಿಡಿಕೆ ಮುಟ್ಟಿದ ಮಗಳಿಗೆ ಝುಂ ಅಂದಿತು. ಬಾಡಿ ಕಟ್ಟಿದವರು ಸ್ಪೈಕ್ ಗಾರ್ಡ್ ಹಾಕಿ ಅನ್ನುತ್ತಾರೆ. ನಮ್ಮ ಮಾವ ದೊಡ್ಡ ಸ್ಟೆಬಿಲೈಸರ್ ಹಾಕಿಸಿ ಅನ್ನುತ್ತಾರೆ. ಅಮೆರಿಕದವರ ವಿಡಿಯೊಗಳಲ್ಲಿ ಒಂದು ಡಬ್ಬಿ ತೋರಿಸುತ್ತಾರೆ, ಅದನ್ನು ತರಿಸಬಹುದೇ? ಸತ್ತ ಮೈಕ್ರೊವೇವ್ ರಿಪೇರಿ ಆಗುತ್ತದೆಯೇ?

ಉತ್ತರ: ನೀವು ಮೈಕ್ರೊವೇವ್ ಬಗ್ಗೆ ಜಾಸ್ತಿ ಬರೆದಿದ್ದೀರಿ, ಬಾಗಿಲ ಹಿಡಿಕೆ ಬಗ್ಗೆ ಒಂದೇ ಸಾಲು. ನಾನು ಹಿಡಿಕೆಯಿಂದಲೇ ಶುರು ಮಾಡುತ್ತೇನೆ. ಓವನ್ ಹೋದರೆ ಇನ್ನೊಂದು ತರಬಹುದು. ಅದಲ್ಲದೆ ಸ್ಪೈಕ್ ಗಾರ್ಡ್, ಸ್ಟೆಬಿಲೈಸರ್ ಎರಡಕ್ಕೂ ಆ ಶಾಕಿಗೂ ಸಂಬಂಧವೇ ಇಲ್ಲ. ಎರಡನ್ನೂ ಹಾಕಿಸಿದರೂ ಅದು ಹಾಗೇ ಇರುತ್ತದೆ.

ಗಾಡಿ ರಬ್ಬರ್ ಟೈರ್ ಮೇಲೆ ನಿಂತಿರುತ್ತದೆ. ಒಳಗೆ ಎಲ್ಲೋ ಫೇಸ್ ವೈರ್ ಸಿಪ್ಪೆ ಕಿತ್ತು ತಗಡಿಗೆ ತಾಗಿದರೆ ಇಡೀ ಬಾಡಿಗೆ ಕರೆಂಟ್ ಬರುತ್ತದೆ. ಟೈರ್ ಇರುವುದರಿಂದ ಅದು ನೆಲಕ್ಕೆ ಇಳಿಯುವುದಿಲ್ಲ, ಫ್ಯೂಸೂ ಹೋಗುವುದಿಲ್ಲ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿಡಿಕೆ ಮುಟ್ಟಿದವರ ಮೈಯಿಂದಲೇ ಅದು ನೆಲಕ್ಕೆ ಹರಿಯುತ್ತದೆ. ಮಗಳಿಗೆ ಝುಂ ಅಂದಷ್ಟಕ್ಕೇ ಮುಗಿದಿದ್ದು ಪುಣ್ಯ.

ಇನ್ನೊಂದು ಸಾಧ್ಯತೆಯೂ ಇದೆ. ಮೈಕ್ರೊವೇವ್, ಟೀವಿ, ಚಾರ್ಜರ್‌ಗಳ ಒಳಗೆ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅವುಗಳಿಂದ ಸೋರುವ ಚೂರುಪಾರು ಕರೆಂಟ್ ಅರ್ಥ್ ವೈರಿನಲ್ಲಿ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಬಾಡಿ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 110, 115ರ ಹತ್ತಿರ ನಿಲ್ಲುತ್ತದೆ. ಮುಟ್ಟಿದರೆ ಜುಮುಜುಮು ಅನ್ನುತ್ತದೆ, ಒದೆಯುವುದಿಲ್ಲ. ಸಮಸ್ಯೆ ಏನೆಂದರೆ ಟೆಸ್ಟರ್ ಹಿಡಿದರೆ ಎರಡರಲ್ಲೂ ದೀಪ ಹತ್ತುತ್ತದೆ. ಇದು ಸೋರಿಕೆಯೋ, ನಿಜವಾದ ಶಾರ್ಟೋ ಅಂತ ಅದರಿಂದ ತಿಳಿಯದು. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ, ಎಲ್ಲ ಸಾಮಾನಿನ ಪ್ಲಗ್ ತೆಗೆಸಿ, 500 ವೋಲ್ಟ್ ಮೆಗ್ಗರ್‌ನಿಂದ (ವೈರಿನ ಸಿಪ್ಪೆ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಗಾಡಿ ವೈರಿಂಗ್ ಪರೀಕ್ಷೆ ಮಾಡಿಸಿ. ಫೇಸ್‌ಗೂ ಬಾಡಿಗೂ ನಡುವೆ, ನ್ಯೂಟ್ರಲ್‌ಗೂ ಬಾಡಿಗೂ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ವೈರಿಂಗ್‌ನಲ್ಲಿ ದೋಷ ಇದೆ. ಅದು ಸಿಗುವವರೆಗೆ ಹೊರಗಿನ ಕರೆಂಟ್ ಜೋಡಿಸಲೇಬೇಡಿ.

ಅದೇ ಹೊತ್ತಿಗೆ ಇನ್ನೊಂದನ್ನೂ ನೋಡಲು ಹೇಳಿ. ಗಾಡಿಯೊಳಗೆ ನ್ಯೂಟ್ರಲ್ ಮತ್ತು ಬಾಡಿ ಅರ್ಥ್ ಎರಡನ್ನೂ ಸೇರಿಸಿ ಕಟ್ಟಿದ್ದಾರೆಯೇ ಅಂತ. "ಅರ್ಥಿಂಗ್ ಸಿಗಲಿಲ್ಲ ಅಂದ್ರ ನ್ಯೂಟ್ರಲ್‌ಗೇ ಕಟ್ಟಿಬಿಡ್ರಿ" ಅನ್ನುವ ಬುದ್ಧಿವಂತರು ನಮ್ಮ ಕಡೆ ಕಡಿಮೆ ಇಲ್ಲ. ಹಾಗೆ ಕಟ್ಟಿದ ಗಾಡಿಯನ್ನು ಫೇಸ್, ನ್ಯೂಟ್ರಲ್ ಅದಲುಬದಲಾದ ಸಾಕೆಟ್‌ಗೆ ಹಾಕಿದರೆ ಆ ಕ್ಷಣವೇ ಇಡೀ ಗಾಡಿ 230 ವೋಲ್ಟ್ ಆಗುತ್ತದೆ. ಹಳ್ಳಿ ಮನೆಗಳಲ್ಲಿ ಅದಲುಬದಲಾದ ಸಾಕೆಟ್ ತೀರಾ ಸಾಮಾನ್ಯ. ಎದುರಿನಿಂದ ನೋಡಿದಾಗ, ಮೇಲೆ ದಪ್ಪ ಅರ್ಥ್ ತೂತು ಇದ್ದರೆ, ಬಲಗಡೆ ಫೇಸ್ ಬರಬೇಕು. ಎಡಗಡೆ ತೂತಿನಲ್ಲಿ ಟೆಸ್ಟರ್ ಹತ್ತಿದರೆ ಉಲ್ಟಾ ಅಂತಲೇ ಅರ್ಥ.

ಗಾಡಿಗೆ ಒಂದೇ ಒಂದು ವಸ್ತು ಹಾಕಿಸಲು ದುಡ್ಡಿದೆ ಅಂದರೂ ನಾನು ಹೇಳುವುದು 30 ಮಿಲಿ ಆ್ಯಂಪಿನ ಆರ್‌ಸಿಸಿಬಿ. ಹೋದಷ್ಟೇ ಕರೆಂಟ್ ವಾಪಸ್ ಬರುತ್ತಿದೆಯೇ ಅಂತ ಅದು ನೋಡುತ್ತದೆ. 30 ಮಿಲಿ ಆ್ಯಂಪ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಅರ್ಥಿಂಗ್ ಇಲ್ಲದಿದ್ದರೂ ಮನುಷ್ಯನ ಮೈಯಿಂದ ಸೋರಿದ್ದನ್ನು ಹಿಡಿಯುತ್ತದೆ. ಅದರ ಮೇಲಿನ ಟೆಸ್ಟ್ ಬಟನ್ ಅನ್ನು ಪ್ರತಿ ಪ್ರವಾಸಕ್ಕೂ ಒಮ್ಮೆ ಒತ್ತಿ ನೋಡಿ.

ಜೊತೆಗೆ ಗಾಡಿಯಲ್ಲಿ ಒಂದು ತಾಮ್ರ ಲೇಪದ ಅರ್ಥ್ ರಾಡ್ ಇಟ್ಟುಕೊಳ್ಳಿ, ನಿಲ್ಲಿಸಿದ ಕಡೆ ನೆಲಕ್ಕೆ ಹೊಡೆದು ಬಾಡಿಗೆ ಜೋಡಿಸಿ. ಆದರೆ ರಾಡ್ ಒಂದನ್ನೇ ನಂಬಬೇಡಿ. ನವಲಗುಂದ, ರೋಣ ಕಡೆಯ ಎರಿ ಮಣ್ಣು ಮಳೆಗಾಲದಲ್ಲಿ ಚೆನ್ನಾಗಿ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರಿದು ರಾಡ್ ಸುತ್ತ ಸಂದು ಬಿಡುತ್ತದೆ. ಮಸಾರಿ, ಕಲ್ಲು ನೆಲದ ಕತೆ ಇನ್ನೂ ಕಷ್ಟ. ಲೆಕ್ಕ ನೋಡಿ. ರಾಡಿನ ರೆಸಿಸ್ಟೆನ್ಸ್ 50 ಓಮ್ ಇದ್ದರೆ, ಬಾಡಿಗೆ ಫೇಸ್ ತಾಗಿದಾಗ ಹರಿಯುವುದು 230 ಭಾಗಿಸು 50, ಅಂದರೆ ನಾಲ್ಕೂವರೆ ಆ್ಯಂಪ್. 16 ಆ್ಯಂಪಿನ ಎಂಸಿಬಿ, ಅಂದರೆ ಫ್ಯೂಸಿನ ಬದಲು ಹಾಕುವ ಸ್ವಿಚ್, ಇದಕ್ಕೆ ಅಲುಗಾಡುವುದೂ ಇಲ್ಲ. ಆರ್‌ಸಿಸಿಬಿ ಮಾತ್ರ ತಕ್ಷಣ ಬೀಳುತ್ತದೆ. ಎರಡೂ ಜೊತೆಗಿರಬೇಕು ಅನ್ನುವುದು ಇದಕ್ಕೇ.

ಈಗ ಸಾಮಾನು ಸುಟ್ಟ ವಿಷಯಕ್ಕೆ ಬರೋಣ. ನಿಮಗೆ ಆ ರಾತ್ರಿ ಆಗಿದ್ದು ಒಂದಲ್ಲ, ಎರಡು ಬೇರೆ ಬೇರೆ ತೊಂದರೆ. ಏಸಿ ಎದ್ದು ಬಿದ್ದು ಮಾಡಿದ್ದು ವೋಲ್ಟೇಜ್ ಕುಸಿದದ್ದರಿಂದ. ಲೈಟು ಪಳಪಳ ಉರಿದು ಓವನ್ ಸತ್ತದ್ದು ವೋಲ್ಟೇಜ್ ಏರಿದ್ದರಿಂದ.

ನಮ್ಮಲ್ಲಿ ಮನೆ ಕರೆಂಟ್ ಲೆಕ್ಕದಲ್ಲಿ 230 ವೋಲ್ಟ್, ಶೇಕಡಾ 10 ಆಚೀಚೆ. ಅಂದರೆ 207ರಿಂದ 253. ಹುಬ್ಬಳ್ಳಿ ವಿದ್ಯಾನಗರದಲ್ಲಿ ಇದರೊಳಗೆ ಬದುಕಬಹುದು. ಊರಾಚೆಯ ಹೊಲದ ಮನೆಗೆ ಹೋದಾಗ ಪರಿಸ್ಥಿತಿ ಬೇರೆ. ಕಪ್ಪತಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರ ನೋಡಿ ಗದಗ ಕಡೆ ಕರೆಂಟಿಗೆ ಬರ ಇಲ್ಲ ಅಂದುಕೊಂಡರೆ ತಪ್ಪು. ಆ ಕರೆಂಟ್ ದೊಡ್ಡ ಲೈನಿಗೆ ಹೋಗುತ್ತದೆ. ನಿಮಗೆ ಸಿಗುವುದು 11 ಕೆವಿ ಲೈನು, ಅದರ ತುದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಅಲ್ಲಿಂದ ಕಂಬ ಕಂಬ ದಾಟಿ ಬಂದ ಸಣ್ಣ ಅಲ್ಯೂಮಿನಿಯಂ ತಂತಿ. ಮಲಪ್ರಭಾ ಕಾಲುವೆಯ ಟೇಲ್‌ಎಂಡ್ ಹೊಲಕ್ಕೆ ನೀರು ಬಂದ ಹಾಗೆ, ಮೇಲಿನವರೆಲ್ಲ ಎಳೆದುಕೊಂಡು ಉಳಿದದ್ದು ನಿಮಗೆ.

ಅದರಲ್ಲೂ ತ್ರೀ ಫೇಸ್ ಬಿಟ್ಟ ಹೊತ್ತು ಗಮನಿಸಿ. ಬಹಳಷ್ಟು ರೈತರು ಪಂಪ್‌ಸೆಟ್ಟಿಗೆ ಆಟೊ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟ್ ಬಂದ ಕೂಡಲೇ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ. ಮೋಟರ್ ಏಳುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕೆಲವು ಸೆಕೆಂಡು ವೋಲ್ಟೇಜ್ ನೆಲ ಕಚ್ಚುತ್ತದೆ. ಮನೆಯವರನ್ನು ಕೇಳಿದರೆ "ಮೋಟರ್ ಚಾಲೂ ಆದಾಗ ಸ್ವಲ್ಪ ಡಿಮ್ ಆಕ್ಕತ್ರಿ, ಬ್ಯಾರೆ ಏನಿಲ್ರಿ" ಅನ್ನುತ್ತಾರೆ. ಅವರ ಮನೆಯ ಎಲ್‌ಇಡಿ ಬಲ್ಬಿಗೆ ಏನೂ ಆಗುವುದಿಲ್ಲ, ನಿಜ. ನಿಮ್ಮ ಏಸಿ ಕಂಪ್ರೆಸರ್ ಮಾತ್ರ ತಿರುಗಲಾರದೆ ಗುಂಯ್‌ಗುಟ್ಟುತ್ತಾ ಒಳಗೇ ಬಿಸಿಯಾಗುತ್ತದೆ.

ಹೊಲದಲ್ಲಿ ಇನ್ನೊಂದು ಬಲೆ ಇದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದರು. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ದಿನಕ್ಕೆ ಕೆಲವೇ ತಾಸು. 11 ಕೆವಿಯಲ್ಲಿ ಒಂದು ಫೇಸ್ ಇಲ್ಲದ ಹೊತ್ತಿನಲ್ಲಿ ಸಾಮಾನ್ಯ ಟಿ.ಸಿ.ಯಿಂದ ಹೊರಬರುವ ಮೂರು ಫೇಸ್‌ನಲ್ಲಿ ಒಂದು ಮಾತ್ರ ಸರಿಯಾಗಿರುತ್ತದೆ. ಉಳಿದೆರಡರಲ್ಲಿ ಸುಮಾರು ಅರ್ಧ, ಅಂದರೆ 115 ವೋಲ್ಟ್. ಯಾವ ಫೇಸ್ ನಿಮಗೆ ಸಿಗುತ್ತದೆ ಅನ್ನುವುದು ಅದೃಷ್ಟ. ಇನ್ನೂ ಕೆಟ್ಟದ್ದೆಂದರೆ ಪಂಪ್ ಸ್ಟಾರ್ಟರ್ ಡಬ್ಬಿಯಿಂದಲೇ ವೈರ್ ಕೊಡುವುದು. ತ್ರೀ ಫೇಸ್ ಮೋಟರಿಗೆ ನ್ಯೂಟ್ರಲ್ ಬೇಕಿಲ್ಲ, ಹಾಗಾಗಿ ಆ ಡಬ್ಬಿಯಲ್ಲಿ ಎಷ್ಟೋ ಕಡೆ ನ್ಯೂಟ್ರಲ್ಲೇ ಇರುವುದಿಲ್ಲ. ಗೊತ್ತಿಲ್ಲದವರು ಎರಡು ಫೇಸ್ ಹಿಡಿದು ಕೊಟ್ಟರೆ ನಿಮ್ಮ ಫ್ರಿಜ್ಜಿಗೆ 400 ವೋಲ್ಟ್. ಸ್ವಲ್ಪ ಗೊತ್ತಿದ್ದವರು ಒಂದು ಫೇಸ್, ಒಂದು ಅರ್ಥ್ ಹಿಡಿದು ಕೊಡುತ್ತಾರೆ. ಆಗ ನಿಮ್ಮ ಗಾಡಿಯ ಕರೆಂಟೆಲ್ಲ ಬೋರಿನ ಪೈಪು, ತಗಡಿನ ಡಬ್ಬಿಗಳ ಮೂಲಕ ವಾಪಸ್ ಹೋಗುತ್ತದೆ. ಅಲ್ಲಿ ನೀರು ಹಾಯಿಸುವವನ ಜೀವಕ್ಕೆ ಅಪಾಯ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವ ಕರೆಂಟ್ ನೀರಾವರಿಗೆ, ನಿಮ್ಮ ಏಸಿಗಲ್ಲ. ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. ಮೀಟರ್ ಇರುವ ಮನೆ ಲೈನಿನಿಂದ ಮಾತ್ರ ತೆಗೆದುಕೊಳ್ಳಿ.

ಇನ್ನು ಲೈಟು ಪಳಪಳ ಉರಿದ ಆ ರಾತ್ರಿ. ನೀವು ಬರೆದ ಲಕ್ಷಣ ನೋಡಿದರೆ ನನ್ನ ಅನುಮಾನ ಕಡಿದ ನ್ಯೂಟ್ರಲ್ ಮೇಲೆ. ಮೂರು ಫೇಸಿಗೂ ವಾಪಸ್ ದಾರಿ ಒಂದೇ ನ್ಯೂಟ್ರಲ್. ಕಂಬದ ಮೇಲೋ ಮೀಟರ್ ಬೋರ್ಡ್‌ನಲ್ಲೋ ಅದರ ಜಾಯಿಂಟ್ ತುಕ್ಕು ಹಿಡಿದು ಬಿಟ್ಟುಹೋದರೆ, ಒಂದು ಫೇಸಿನ ಮನೆ ಮತ್ತು ಇನ್ನೊಂದು ಫೇಸಿನ ಮನೆ ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿದಂತಾಗಿ, ನಡುವಿನ 400 ವೋಲ್ಟ್ ಹಂಚಿಕೊಳ್ಳುತ್ತವೆ. ಹಂಚಿಕೆಯಲ್ಲಿ ನ್ಯಾಯ ಇಲ್ಲ. ಪಕ್ಕದವರು 1500 ವ್ಯಾಟಿನ ಹೀಟರ್ ಹಾಕಿದ್ದಾರೆ, ನಿಮ್ಮಲ್ಲಿ 100 ವ್ಯಾಟಿನ ಟೀವಿ ಮಾತ್ರ ಇದೆ ಅಂದುಕೊಳ್ಳಿ. ಹೀಟರಿಗೆ ಸಿಗುವುದು 25 ವೋಲ್ಟ್, ನಿಮ್ಮ ಟೀವಿಗೆ 375! ಕಡಿಮೆ ಲೋಡ್ ಇದ್ದವರೇ ಸುಟ್ಟುಹೋಗುತ್ತಾರೆ. ಮನೆಯಲ್ಲಿ ಕೆಲವು ಲೈಟು ಮಂಕು, ಕೆಲವು ಕಣ್ಣು ಕುಕ್ಕುವಷ್ಟು ಜೋರು ಅಂತ ಕಂಡರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಮೇನ್ ಇಳಿಸಿ, ಲೈನ್‌ಮನ್‌ಗೆ ಫೋನ್ ಮಾಡಿಸಿ.

ಇಂಥ ಕಡೆ ಸ್ಪೈಕ್ ಗಾರ್ಡ್ ಏನು ಮಾಡುತ್ತದೆ? ಅದರೊಳಗೆ ಎಂಓವಿ ಅನ್ನುವ ಬಿಲ್ಲೆ ಇರುತ್ತದೆ. ಸಿಡಿಲು, ಸ್ವಿಚಿಂಗ್‌ನಿಂದ ಬರುವ ಮೈಕ್ರೊಸೆಕೆಂಡ್ ಲೆಕ್ಕದ ಏಟನ್ನು ಅದು ನುಂಗುತ್ತದೆ. 375 ವೋಲ್ಟ್ ನಿಂತೇ ಬಂದರೆ ಆ ಬಿಲ್ಲೆ ಕೆಲವೇ ಕ್ಷಣದಲ್ಲಿ ಕಾದು ಸಿಡಿಯುತ್ತದೆ, ಬೆಂಕಿಯೂ ಹತ್ತಬಹುದು. ಬಾಡಿ ಕಟ್ಟಿದವರ ಸಲಹೆ ಪೂರ್ತಿ ಸುಳ್ಳಲ್ಲ, ಬೇರೆ ಕಾಯಿಲೆಯ ಮಾತ್ರೆ ಅಷ್ಟೇ.

ಮಾವನವರ ಸ್ಟೆಬಿಲೈಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಆ ಸಲಹೆ ಅರ್ಧ ಸರಿ. ಸ್ಟೆಬಿಲೈಸರ್ ಕರೆಂಟ್ ಹುಟ್ಟಿಸುವುದಿಲ್ಲ. 170 ವೋಲ್ಟನ್ನು 230 ಮಾಡಬೇಕಾದರೆ ಆ ಕಡೆಯಿಂದ ಜಾಸ್ತಿ ಆ್ಯಂಪ್ ಎಳೆಯುತ್ತದೆ. ಗಾಡಿಗೆ ಒಟ್ಟು 10 ಆ್ಯಂಪ್ ಕೊಡಲು ಸಾಕೆಟ್‌ನಿಂದ ಹದಿಮೂರೂವರೆ, ಹದಿನಾಲ್ಕು. ನಿಮ್ಮ ಎಕ್ಸ್‌ಟೆನ್ಷನ್ ವೈರ್ ಸಣ್ಣದಿದ್ದರೆ ಆ ಹೆಚ್ಚಿನ ಆ್ಯಂಪಿನಿಂದ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಸ್ಟೆಬಿಲೈಸರ್ ಇನ್ನೂ ಎಳೆಯುತ್ತದೆ. ಟಕ್ ಟಕ್ ಅಂತ ರಿಲೇ ಬಡಿದುಕೊಳ್ಳುವ ಸದ್ದು ಕೇಳಿದ್ದೀರಲ್ವಾ? ಅದೇ ಇದು. ಹಾಗಾಗಿ ಸ್ಟೆಬಿಲೈಸರಿಗೆ ಮೊದಲು ವೈರ್ ನೋಡಿ.

ನಿಮ್ಮ ವೈರ್ ಎಷ್ಟು ದಪ್ಪ ಅಂತ ಬರೆದಿಲ್ಲ. ಅಂಗಡಿಯಲ್ಲಿ ರೀಲಿಗೆ ಸುತ್ತಿ ಮಾರುವುದರಲ್ಲಿ ಎಷ್ಟೋ ಬಾರಿ 1 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿನ ತಾಮ್ರ ಇರುತ್ತದೆ. 50 ಮೀಟರ್ ಎಳೆದರೆ ಹೋಗಿ ಬರುವ ದಾರಿ 100 ಮೀಟರ್. 1 ಚದರ ಮಿಮೀ ವೈರಿನಲ್ಲಿ 15 ಆ್ಯಂಪ್ ಹರಿಸಿದರೆ ದಾರಿಯಲ್ಲೇ ಸುಮಾರು 29 ವೋಲ್ಟ್ ಕರಗುತ್ತದೆ. 1.5 ಆದರೆ 20 ವೋಲ್ಟ್, 2.5 ಆದರೆ 12, 4 ಆದರೆ ಏಳೂವರೆ. ಅಂದರೆ ಹೊಲದ ಮನೆಯಲ್ಲಿ 205 ಇದ್ದರೂ ಗಾಡಿಗೆ ಬರುವಾಗ 176. ಬೈಗುಳ ಮಾತ್ರ ಲೈನಿಗೆ. ಕಡಿಮೆ ಅಂದರೂ 2.5, ಸಾಧ್ಯವಾದರೆ 4 ಚದರ ಮಿಮೀಯ ಮೂರು ಕೋರ್ ರಬ್ಬರ್ ಕೇಬಲ್ ತೆಗೆದುಕೊಳ್ಳಿ, 25 ಮೀಟರ್ ಸಾಕು. ಬಳಸುವಾಗ ರೀಲಿನಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ರೀಲಿನಲ್ಲಿ ಶಾಖ ಹೊರಹೋಗಲು ದಾರಿ ಇರುವುದಿಲ್ಲ, ಒಳಗಿನ ಸುತ್ತುಗಳ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ. ಗಾಡಿ ಬದಿಗೆ ನೀಲಿ ಬಣ್ಣದ 16 ಅಥವಾ 32 ಆ್ಯಂಪಿನ ಮುಚ್ಚಳ ಇರುವ ಇಂಡಸ್ಟ್ರಿಯಲ್ ಇನ್‌ಲೆಟ್ ಹಾಕಿಸಿ. ಕಿಟಕಿಯಿಂದ ವೈರ್ ತೂರಿಸುವ ಪದ್ಧತಿ ಬಿಟ್ಟುಬಿಡಿ.

ಪ್ಲಗ್ ಹಾಕುವ ಮೊದಲು ಐದು ನಿಮಿಷ ಕೊಡಿ. ಒಂದು ಮಲ್ಟಿಮೀಟರ್, ಒಂದು ಎಲೆಕ್ಟ್ರಿಕ್ ಕೆಟಲ್ ಸಾಕು. ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ವೋಲ್ಟೇಜ್ ನೋಡಿ. ಫೇಸ್ ಮತ್ತು ಅರ್ಥ್ ನಡುವೆಯೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಪರವಾಗಿಲ್ಲ. ಅಲ್ಲಿ 20, 30 ಕಂಡರೆ ನ್ಯೂಟ್ರಲ್ ಅಥವಾ ಅರ್ಥ್ ಕೆಟ್ಟಿದೆ. ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಏನೇನೋ ಅಂಕಿ ಕುಣಿಯುತ್ತಿದ್ದರೆ ಅರ್ಥ್ ತೂತಿಗೆ ವೈರೇ ಜೋಡಿಸಿಲ್ಲ.

ಆದರೆ ಲೋಡ್ ಇಲ್ಲದೆ ನೋಡಿದ ವೋಲ್ಟೇಜ್ ಅರ್ಧ ಸತ್ಯ. ಖಾಲಿ ಸಾಕೆಟ್‌ನಲ್ಲಿ 228 ಅಂತ ಚೆಂದ ತೋರಿಸುತ್ತದೆ. ಪಕ್ಕದ ಸಾಕೆಟ್‌ಗೆ ನೀರು ತುಂಬಿದ 1500 ವ್ಯಾಟ್ ಕೆಟಲ್ ಹಾಕಿ, ಆನ್ ಮಾಡಿ, ಮೀಟರ್ ನೋಡಿ. ಅದು ಎಳೆಯುವುದು ಆರೂವರೆ ಆ್ಯಂಪ್. 228 ಇದ್ದದ್ದು 222ಕ್ಕೆ ನಿಂತರೆ ಲೈನು ಗಟ್ಟಿ. 205ಕ್ಕೆ ಇಳಿದರೆ ಎಲ್ಲೋ ಜಾಯಿಂಟ್ ಸಡಿಲ ಅಥವಾ ವೈರ್ ತೀರಾ ಸಣ್ಣದು, ಆ ಸಾಕೆಟ್‌ನಿಂದ ಏಸಿ ಓಡಿಸುವ ಆಸೆ ಬಿಡಿ. ಕೆಟಲ್ ನೀರು ವ್ಯರ್ಥವೇನಲ್ಲ, ಚಹಾ ಮಾಡಿಕೊಳ್ಳಿ.

ಗಾಡಿ ಜೋಡಿಸಿ ಅರ್ಧ ತಾಸಾದ ಮೇಲೆ ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ತೆಗೆಯಿರಿ. ಹಳೆಯ ಸಾಕೆಟ್‌ನ ಸ್ಪ್ರಿಂಗ್ ಸಡಿಲವಾಗಿ ಬರೀ 0.1 ಓಮ್ ರೆಸಿಸ್ಟೆನ್ಸ್ ಬಂದರೂ 15 ಆ್ಯಂಪಿಗೆ ಅಲ್ಲಿ 22 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸಾಲ್ಡರಿಂಗ್ ಐರನ್ ಅಷ್ಟು. ಆ ಕಂದು ಬಣ್ಣದ ಕಲೆ, ಸುಟ್ಟ ಮೀನಿನಂಥ ವಾಸನೆ ಎಲ್ಲ ಅದರದೇ. ದೊಡ್ಡ ಪಿನ್ನನ್ನು ಕನ್ವರ್ಷನ್ ಪ್ಲಗ್‌ನಿಂದ 6 ಆ್ಯಂಪಿನ ಸಣ್ಣ ಸಾಕೆಟ್‌ಗೆ ತುರುಕುವುದಂತೂ ಬೇಡವೇ ಬೇಡ. ಮನೆಯ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ತಾಮ್ರದ ದಪ್ಪ ಎಳೆ ಸುತ್ತಿದ್ದರೆ, ಅಲ್ಲಿ ಫ್ಯೂಸ್ ಇದ್ದೂ ಇಲ್ಲದ ಲೆಕ್ಕ.

ಅಮೆರಿಕದ ಡಬ್ಬಿ ತರಿಸಬೇಡಿ. ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ 30 ಆ್ಯಂಪಿನ ಸಾಕೆಟ್ 120 ವೋಲ್ಟಿನದು. 50 ಆ್ಯಂಪಿನದರಲ್ಲಿ 120ರ ಎರಡು ಲೈನು ಬರುತ್ತವೆ, ಅಲ್ಲೂ ನ್ಯೂಟ್ರಲ್ ಕಡಿದರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ. ಆ ಡಬ್ಬಿಗಳು ಸಾಮಾನ್ಯವಾಗಿ 104 ವೋಲ್ಟಿಗಿಂತ ಕೆಳಗೆ, 132ಕ್ಕಿಂತ ಮೇಲೆ ಹೋದರೆ ಕಡಿಯುತ್ತವೆ. ನಮ್ಮ 230ಕ್ಕೆ ಅದು ಕಸಕ್ಕೆ ಸಮ. ಆದರೆ ಅದರ ಉಪಾಯ ಒಳ್ಳೆಯದು: ಮೊದಲು ಅಳೆ, ಸರಿ ಇದ್ದರೆ ಮಾತ್ರ ಒಳಗೆ ಬಿಡು. ಅದೇ ಕೆಲಸ ಮಾಡುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ನಮ್ಮಲ್ಲೇ ಸಿಗುತ್ತದೆ. ಎಂಸಿಬಿ ಡಬ್ಬಿಯ ಪಟ್ಟಿಯ ಮೇಲೆ ಕೂರುತ್ತದೆ, ಮುಖದ ಮೇಲೆ ವೋಲ್ಟೇಜ್ ಅಂಕಿ ತೋರಿಸುತ್ತದೆ. ಕೊಳ್ಳುವಾಗ ಒಂದೇ ವಿಷಯ ಕೇಳಿ: 400 ವೋಲ್ಟ್ ಬಂದರೆ ಇದೇ ಬದುಕುತ್ತದೆಯೇ? ಕಾವಲುಗಾರನೇ ಮೊದಲು ಸತ್ತರೆ ಏನು ಪ್ರಯೋಜನ. ಕೆಳಗೆ 185, ಮೇಲೆ 260ಕ್ಕೆ ಸೆಟ್ ಮಾಡಿ. ವೋಲ್ಟೇಜ್ ಸರಿಹೋದ ಮೇಲೆ ಮತ್ತೆ ಜೋಡಿಸಲು 180 ಸೆಕೆಂಡ್ ತಡ ಇಡಿ. ನಿಂತ ಕಂಪ್ರೆಸರ್ ಒಳಗಿನ ಗ್ಯಾಸ್ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಗಾಡಿಯ ಡಬ್ಬಿಯಲ್ಲಿ ಕ್ರಮ ಹೀಗಿರಲಿ. ಇನ್‌ಲೆಟ್ ಆದ ಮೇಲೆ 16 ಆ್ಯಂಪಿನ ಡಬಲ್ ಪೋಲ್ ಎಂಸಿಬಿ, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಸಿಂಗಲ್ ಪೋಲ್ ಹಾಕಿದರೆ ಅದಲುಬದಲಾದ ಸಾಕೆಟ್‌ನಲ್ಲಿ ಅದು ನ್ಯೂಟ್ರಲ್ ಕಡಿದು, ಫೇಸ್ ಹಾಗೇ ಒಳಗೆ ಉಳಿಯುತ್ತದೆ. ನಂತರ ಸಿಡಿಲು, ಸ್ಪೈಕ್‌ಗಾಗಿ ಒಂದು ಟೈಪ್ 2 ಎಸ್‌ಪಿಡಿ (ಸರ್ಜ್ ಪ್ರೊಟೆಕ್ಟರ್), ಆಮೇಲೆ ಆರ್‌ಸಿಸಿಬಿ, ಆಮೇಲೆ ವೋಲ್ಟೇಜ್ ಪ್ರೊಟೆಕ್ಟರ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದರೆ ಮಾತ್ರ ಇದ್ಯಾವುದನ್ನೂ ನಂಬದೆ ಸುಮ್ನೆ ಪ್ಲಗ್ ಕಿತ್ತುಬಿಡಿ, ಗುಡುಗು ಶುರುವಾಗುವ ಮೊದಲೇ. ರೆಸಾರ್ಟ್‌ನಲ್ಲಿ ಜನರೇಟರ್ ಶುರು ಮಾಡುವಾಗಲೂ ಮೊದಲ ಎರಡು ಮೂರು ನಿಮಿಷ ದೂರ ಇರಿ.

ಇಷ್ಟೆಲ್ಲ ಹೇಳಿದೆ, ಆದರೆ ನನ್ನ ನಿಜವಾದ ಸಲಹೆ ಬೇರೆ. ಬೇರೆಯವರ ಕರೆಂಟಿನ ಮೇಲೆ ನಿಮ್ಮ ಸಾಮಾನು ಓಡಿಸುವುದೇ ಬೇಡ. ಅವರ ಕರೆಂಟ್ ನಿಮ್ಮ ಬ್ಯಾಟರಿ ತುಂಬಲಿ, ಸಾಮಾನು ಬ್ಯಾಟರಿಯಿಂದ ಓಡಲಿ.

ನಿಮ್ಮ ಬಳಿ ಇನ್ವರ್ಟರ್ ಇದ್ದರೂ ಆ ರಾತ್ರಿ ಓವನ್ ಯಾಕೆ ಸತ್ತಿತು ಗೊತ್ತಾ? ಮನೆ ಇನ್ವರ್ಟರ್ ಹೊರಗಿನ ಕರೆಂಟ್ ಇರುವಾಗ ಅದನ್ನೇ ನೇರ ಒಳಗೆ ಬಿಡುತ್ತದೆ, ಬ್ಯಾಟರಿಗೆ ಹೋಗುವುದು ಕರೆಂಟ್ ಹೋದ ಮೇಲೆ. ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೊ. ನಾರ್ಮಲ್‌ನಲ್ಲಿ ಸುಮಾರು 100ರಿಂದ 290 ವೋಲ್ಟ್‌ವರೆಗೆ ಏನು ಬಂದರೂ ಒಳಗೆ ಬಿಡುತ್ತದೆ. ಯುಪಿಎಸ್‌ನಲ್ಲಿ 180ರಿಂದ 260ರ ಆಚೆ ಹೋದರೆ ಬ್ಯಾಟರಿಗೆ ಬದಲಾಗುತ್ತದೆ. ಇವತ್ತೇ ಹೋಗಿ ಆ ಸ್ವಿಚ್ ಯಾವ ಕಡೆ ಇದೆ ನೋಡಿ. ಖರ್ಚಿಲ್ಲದ ಕೆಲಸ.

ಮುಂದೆ ದುಡ್ಡು ಕೂಡಿದಾಗ ಬದಲಾಯಿಸುವುದು ಹೀಗೆ. ಇನ್ವರ್ಟರ್‌ನ ಮೇನ್ಸ್ ಪ್ಲಗ್ಗನ್ನು ಎಲ್ಲೂ ಜೋಡಿಸಬೇಡಿ. ಬ್ಯಾಟರಿಗೆ ಬೇರೆಯೇ ಒಂದು ಚಾರ್ಜರ್ ತನ್ನಿ, 100ರ ಆಸುಪಾಸಿನಿಂದ 270ರವರೆಗೆ ಕೆಲಸ ಮಾಡುವಂಥದ್ದು. ಹೊರಗಿನ ಕರೆಂಟ್ ಚಾರ್ಜರ್‌ವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಲೈನಿನಲ್ಲಿ ಏನೇ ಆದರೂ ಸಾಯುವುದಿದ್ದರೆ ಚಾರ್ಜರ್ ಒಂದೇ.

ಬ್ಯಾಟರಿ ಲೆಕ್ಕ: ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್, ಎರಡು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ) ಫ್ಯಾನು, ಲೈಟು, ಮೊಬೈಲು ಸೇರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಓವನ್ ಕಾಲು ತಾಸು ಓಡಿದರೆ 0.3. ಒಟ್ಟು ಎರಡು ಯೂನಿಟ್‌ಗೆ ಹತ್ತಿರ. ನಿಮ್ಮ 150 ಎಎಚ್ ಟ್ಯೂಬುಲರ್‌ನಲ್ಲಿ ಕಾಗದದ ಮೇಲೆ 1.8 ಯೂನಿಟ್ ಇದ್ದರೂ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬೇರೆ ಬಿಡುತ್ತದೆ, ಮಲಗುವ ಜಾಗದಲ್ಲಿ ಇಡುವಂಥದ್ದಲ್ಲ. 12.8 ವೋಲ್ಟ್, 200 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್, ಬಹುಪಾಲು ಬಳಸಬಹುದು. 40 ಆ್ಯಂಪಿನ ಚಾರ್ಜರ್ ಇದನ್ನು ಐದು ತಾಸಿನಲ್ಲಿ ತುಂಬುತ್ತದೆ. ಸಾಕೆಟ್‌ನಿಂದ ಎಳೆಯುವುದು ಮೂರು, ಮೂರೂವರೆ ಆ್ಯಂಪ್ ಮಾತ್ರ. ಆ ಡಿಮ್ ಹೊಡೆಯುವ ಹೊಲದ ಮನೆಯೂ ಇಷ್ಟನ್ನು ಸಲೀಸಾಗಿ ಕೊಡುತ್ತದೆ. ಓಡುವಾಗ ಗಾಡಿಯ ಆಲ್ಟರ್ನೇಟರ್‌ನಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ, ನಿಂತಾಗ ಮೇಲ್ಛಾವಣಿಯ ಸೋಲಾರ್‌ನಿಂದಲೂ ತುಂಬಬಹುದು. ಓವನ್ ಮಾತ್ರ 12 ವೋಲ್ಟ್ ಬ್ಯಾಟರಿಯಿಂದ 100 ಆ್ಯಂಪ್‌ಗೂ ಜಾಸ್ತಿ ಎಳೆಯುತ್ತದೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ದಪ್ಪ, ಗಿಡ್ಡ ಕೇಬಲ್ ಮತ್ತು ಸರಿಯಾದ ಫ್ಯೂಸ್ ಇರಲೇಬೇಕು. ಹೊಸದಾಗಿ ಮಾಡಿಸುವುದಾದರೆ 24 ವೋಲ್ಟೇ ವಾಸಿ.

ಏಸಿ ಈ ಲೆಕ್ಕಕ್ಕೆ ಸೇರುವುದಿಲ್ಲ. ರಾತ್ರಿಯಿಡೀ ಓಡಿದರೆ ಅದೊಂದೇ ಮೂರು ನಾಲ್ಕು ಯೂನಿಟ್ ತಿನ್ನುತ್ತದೆ. ಅದನ್ನು ಹೊರಗಿನ ಕರೆಂಟ್ ಮೇಲೇ ಬಿಡಿ, ಅದಕ್ಕೆ ಮಾತ್ರ ಮಾವನವರ ಸ್ಟೆಬಿಲೈಸರ್ ಕೊಡಿ. ಒಂದು ಟನ್ನಿಗೆ 3 ಅಥವಾ 4 ಕೆವಿಎ ಸಾಕು, ಅದೂ ವೋಲ್ಟೇಜ್ ಪ್ರೊಟೆಕ್ಟರ್ ಆದ ಮೇಲೆ. ಕೆಟಲ್ ಪರೀಕ್ಷೆಯಲ್ಲಿ ಸೋತ ಸಾಕೆಟ್ ಆದರೆ ಆ ರಾತ್ರಿ ಫ್ಯಾನಿನಲ್ಲೇ ಮಲಗಿ. ಬಂಕಾಪುರ ಕಡೆ ಡಿಸೆಂಬರ್ ರಾತ್ರಿಗೆ ಏಸಿ ಯಾಕೆ ಅಂತ ನನಗೂ ಅರ್ಥವಾಗುವುದಿಲ್ಲ.

ಕೊನೆಗೆ ನಿಮ್ಮ ಮೈಕ್ರೊವೇವ್. ಎಸೆಯಬೇಡಿ. ವೋಲ್ಟೇಜ್ ಏರಿ ಸತ್ತ ಬೋರ್ಡ್‌ಗಳಲ್ಲಿ ಬಹಳ ಸಲ ಹೋಗಿರುವುದು ಕರೆಂಟ್ ಒಳಬರುವ ಜಾಗದ ಫ್ಯೂಸ್ ಮತ್ತು ಅದರ ಪಕ್ಕದ ನೀಲಿ ಎಂಓವಿ ಬಿಲ್ಲೆ. ಅದು ಒಡೆದು ಕಪ್ಪಾಗಿರುವುದು ಕಣ್ಣಿಗೇ ಕಾಣುತ್ತದೆ. ಜಾಸ್ತಿ ಅಂದರೆ ಸಣ್ಣ ಟ್ರಾನ್ಸ್‌ಫಾರ್ಮರ್. ಹೊಸ ಬೋರ್ಡ್ ಹಾಕುವ ಮಾತು ಎತ್ತುವ ಮೊದಲು ಇವೆರಡನ್ನು ನೋಡಲು ರಿಪೇರಿಯವರಿಗೆ ಹೇಳಿ. ನೀವೇ ಸ್ಕ್ರೂ ಬಿಚ್ಚಲು ಹೋಗಬೇಡಿ. ಒಳಗಿನ ಹೈ ವೋಲ್ಟೇಜ್ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಎರಡು ಸಾವಿರ ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದನ್ನು ಡಿಸ್ಚಾರ್ಜ್ ಮಾಡಲು ಗೊತ್ತಿರುವವರೇ ಮುಚ್ಚಳ ತೆಗೆಯಲಿ.